ಟಿಕೇಟು ಹರಿಯುವವನ ಹೊಟ್ಟೆ

ತದಡಿಯಿಂದ ಅಘನಾಶಿನಿಗೆ ಹನ್ನೆರಡು ನಿಮಿಷ.
ಇಪ್ಪತ್ತು ವರ್ಷದಿಂದ ಇದೇ ಲಾಂಚಿನಲ್ಲಿ ಟಿಕೇಟು ಹರಿಯುತ್ತೇನೆ.
ನೂರಾ ನಲವತ್ತೊಂದು ಕಿಲೋ ಇದ್ದಾಗ
ಜಟ್ಟಿ ನನ್ನನ್ನು ಇಂಜಿನ್ನಿನ ಹತ್ತಿರ ನಡುಮಧ್ಯೆ ಕೂರಿಸುತ್ತಿದ್ದ.
‘ಬದಿಗೆ ಸರೀಬೇಡ ಹೊನ್ನಪ್ಪಾ, ಶಾಲೆ ಮಕ್ಕಳಿದ್ದಾವೆ.’
ಮಕ್ಕಳು ನಗುತ್ತಿದ್ದವು. ನಾನೂ.
ನಗದಿದ್ದರೆ ಹನ್ನೆರಡು ನಿಮಿಷ ಬಹಳ ಉದ್ದ.

ಮಂಗಳೂರಲ್ಲಿ ಹೊಟ್ಟೆ ಕಿರಿದು ಮಾಡಿಸಿಕೊಂಡು ಬಂದೆ.
ಮಾವಿನ ಮಿಡಿಯಷ್ಟು ಚೀಲ ಉಳಿಸಿ
ಕೆಳಗಿನ ಕರುಳನ್ನು ಎತ್ತಿ ಅದಕ್ಕೇ ಹೊಲಿದರು.
ಗುಲಾಬಿ ಎರಡೆಳೆ ಸರ ಅಡವಿಟ್ಟಳು,
ಊರಿಗೆಲ್ಲ ಹರ್ನಿಯಾ ಎಂದಳು.
ವರ್ಷದೊಳಗೆ ಅಂಗಿಗಳೆಲ್ಲ ಬಾವಿಯಾದವು.
ಮೊದಲ ಸಲ ಬದಿಯಲ್ಲಿ ಕೂತೆ, ನೀರಿಗೆ ಕೈ ಇಳಿಬಿಟ್ಟೆ.
ಜಟ್ಟಿ ನೋಡಿದ, ಏನೂ ಹೇಳಲಿಲ್ಲ,
ಒಂದು ಬೀಡಿ ನನ್ನ ಕಡೆ ಚಾಚಿದ.

ಆ ಬೀಡಿಯೂ ಲೆಕ್ಕಕ್ಕೆ ಬರುತ್ತದೆಂದು
ಗೊತ್ತಾಗಿದ್ದು ಒಂಬತ್ತು ವರ್ಷದ ಮೇಲೆ.
ಬೀಡಿ, ಮತ್ತೆ ಮಂಡಿನೋವಿನ ಗುಳಿಗೆ.
ಭಾರ ಇಳಿದರೂ ಮಂಡಿ ಮರೆತಿರಲಿಲ್ಲ;
ಕುಮಟೆಯ ಅಂಗಡಿಯವ ಚೀಟಿ ಕೇಳದೆ ಕೊಡುತ್ತಿದ್ದ,
ನಾನು ಕಡಲೆ ತಿಂದಂತೆ ತಿಂದೆ.

ಮೊದಲು ಎದೆಗೂಡಿನ ಕೆಳಗೆ ಒಂದು ಕೆಂಡ.
ತಂಪಲ್ಲವೇ ಅಂತ ಕೋಕಂ ಕಡಿ ಕುಡಿದೆ.
ಕೆಂಡ ಎದ್ದು ಕೂತಿತು.
ಆಮೇಲೊಂದು ನಸುಕಿನಲ್ಲಿ, ಕಪ್ಪು.
ಲಾಂಚಿನ ತಳಕ್ಕೆ ಬಳಿಯುತ್ತೇವಲ್ಲ ಡಾಂಬರು, ಅದೇ ಬಣ್ಣ, ಅದೇ ಅಂಟು.
ಇದನ್ನು ಯಾರಿಗೆ ಹೇಳುವುದು?
ಎರಡು ದಿನ ಟಿಕೇಟು ಹರಿದೆ.
ಮೂರನೆಯ ದಿನ ಎರಡೂ ದಡ ಒಂದೇ ಕಡೆ ಬಂದವು.
ಚಿಲ್ಲರೆ ಚೀಲ ಕೈಜಾರಿತು.
ಮಕ್ಕಳು ನಾಣ್ಯ ಹೆಕ್ಕಿ ಗುಲಾಬಿಗೆ ಮುಟ್ಟಿಸಿದವಂತೆ,
ಒಂದು ರೂಪಾಯಿಯೂ ಕಡಿಮೆ ಇರಲಿಲ್ಲ.

ಮಣಿಪಾಲದಲ್ಲಿ ಪರದೆಯ ಮೇಲೆ ತೋರಿಸಿದರು:
ಹೊಲಿಗೆಯ ಆಚೆ, ಕರುಳಿನ ಅಂಚಿಗೆ ಬಿಳಿಚಿದ ಹುಣ್ಣು.
‘ಈ ಕರುಳಿಗೆ ಹೊಟ್ಟೆಯ ಹುಳಿ ರೂಢಿಯಿಲ್ಲ’ ಅಂದರು ಡಾಕ್ಟರು.
ಚಿತ್ರ ಬರೆದು ತಿಳಿಸಲು ಹೊರಟರು, ನಾನು ಬೇಡವೆಂದೆ.
ನಮ್ಮದು ಗಜನಿ ಸೀಮೆ.
ಕಟ್ಟೆ ಒಡೆದು ಉಪ್ಪುನೀರು ನುಗ್ಗಿದ ಗದ್ದೆ ನೋಡಿ ಬಲ್ಲೆ.
ಕಗ್ಗ ಭತ್ತವಾದರೆ ತಾಳೀತು,
ಉಳಿದದ್ದು ಬುಡದಿಂದ ಕರಟುತ್ತದೆ.
ನನ್ನೊಳಗೆ ಯಾರೂ ಕಗ್ಗ ಬಿತ್ತಿರಲಿಲ್ಲ.

ಈಗ ಬೆಳಿಗ್ಗೆ ಗುಲಾಬಿ ಗುಳಿಗೆಯ ಟೊಪ್ಪಿ ಬಿಚ್ಚಿ
ಒಳಗಿನ ಕಾಳುಗಳನ್ನು ಚಮಚಕ್ಕೆ ಸುರಿಯುತ್ತಾಳೆ, ಮೀನಿನ ತತ್ತಿಯ ಹಾಗೆ.
ಇಡಿಯಾಗಿ ನುಂಗಿದರೆ ಕರಗುವಷ್ಟು ಪುರುಸೊತ್ತು ನನ್ನ ಚೀಲಕ್ಕಿಲ್ಲ.
ಒಂದು ಕಾಳು ಉರುಳಿದರೂ ಬೆರಳೊತ್ತಿ ತೆಗೆಯುತ್ತಾಳೆ.
‘ಇಷ್ಟು ನಾಜೂಕಾಗಿ ಶೆಟ್ಲಿಯನ್ನೂ ಸುಲಿದಿಲ್ಲ ನಾನು.’
ಬಳಿಕ ಸುಣ್ಣದ ತಿಳಿಯಂಥ ಔಷಧ.
ಅರ್ಧ ಬಟ್ಟಲು ಗಂಜಿ. ಮೆಣಸಿಲ್ಲದ ಬಂಗಡೆ,
ಅದರ ಹೆಸರು ಹೇಳಲು ಬಂಗಡೆಗೇ ನಾಚಿಕೆ.
ರಾತ್ರಿ ನೋವು ಎದ್ದರೆ ಗೋಡೆಗೊರಗಿ ಕೂರುತ್ತೇನೆ.
ದೂರದಲ್ಲಿ ಜಂತ್ರಡಿಯ ಹಲಗೆಗೆ ಭರತ ಬಡಿಯುತ್ತದೆ.
ಇಳಿತದವರೆಗೆ ಹಲಗೆ ತಡೆದರೆ ಸಾಕು.
ಕೆಲವು ರಾತ್ರಿ ತಡೆಯುತ್ತದೆ.

ಮೊನ್ನೆ ಹಿರೇಗುತ್ತಿಯ ಹುಡುಗಿಯೊಬ್ಬಳು ಹತ್ತಿದಳು.
ಯಾರೂ ಹೇಳದೆಯೇ ಇಂಜಿನ್ನಿನ ಹತ್ತಿರ, ನಡುಮಧ್ಯೆ ಹೋಗಿ ನಿಂತಳು.
‘ನಿಮ್ಮನ್ನೇ ಕೇಳು ಅಂದರು.
ಮುಂದಿನ ತಿಂಗಳು ತಾರೀಖು ಕೊಟ್ಟಿದ್ದಾರೆ. ಮಾಡಿಸಬಹುದಾ?’
ಹರ್ನಿಯಾ ಎಂಬುದನ್ನು ಊರಲ್ಲಿ ಒಬ್ಬರೂ ನಂಬಿರಲಿಲ್ಲ
ಎಂದು ಆಗ ತಿಳಿಯಿತು.

ಇನ್ನು ಏಳು ನಿಮಿಷ ಉಳಿದಿತ್ತು.
ನನ್ನನ್ನು ಮತ್ತೆ ಕೇಳಿದರೂ ಮಾಡಿಸಿಕೊಳ್ಳುತ್ತೇನೆ ಎಂದೆ.
ಮಂಡಿ ನೋಯಲಿ, ಆ ಗುಳಿಗೆ ಮುಟ್ಟಬೇಡ ಎಂದೆ.
ಕಪ್ಪು ಕಂಡ ದಿನವೇ ಬಾಯಿ ಬಿಡು, ನಾಚಿಕೆ ಆಮೇಲೆ.
ಇನ್ನೂ ಏನೋ ಇತ್ತು, ದೊಡ್ಡದು. ದಡ ಬಂತು.

ಇಳಿಯಲೆಂದು ಬದಿಗೆ ಕಾಲಿಟ್ಟಳು,
ಲಾಂಚು ತುಸು ವಾಲಿತು.
ಜಟ್ಟಿ ಬಾಯಿ ತೆರೆದ.
ನಾನು ಅವನತ್ತ ನೋಡಿದೆ.
ಮುಚ್ಚಿದ.