ಇಪ್ಪತ್ತು ಹೆಜ್ಜೆ

ಆರನೆಯ ಸೆಮಿಸ್ಟರಿಗೆ ಬಡಿಗೇರ ಸರ್ ಕೊಟ್ಟ ಕೆಲಸ:
ಗದಗಿನ ದೊಡ್ಡ ದವಾಖಾನೆಗೆ ಹೊಸ ಫಲಕಗಳು.
ಬಾಗಿಲಿಗೊಂದು ಹೆಸರು, ತಿರುವಿಗೊಂದು ಬಾಣ.
'ಚಂದ ಕಾಣೂದು ಆಮ್ಯಾಲೆ,' ಅಂದರು,
'ಇಪ್ಪತ್ತು ಹೆಜ್ಜೆ ದೂರದಿಂದ ಓದಾಕ ಬರಬೇಕು.
ಓದೋರ ಕಣ್ಣಾಗ ನೀರಿರತಾವು, ಮರೀಬ್ಯಾಡ್ರಿ.'

ಮರೆತೆವು.
ಲ್ಯಾಬಿನಲ್ಲಿ ಹನ್ನೆರಡು ಕಂಪ್ಯೂಟರು, ಏಳಕ್ಕೆ ಜೀವ.
ಕರೆಂಟು ಹೋದರೆ ಗ್ರಾಫ್ ಹಾಳೆ, ಚೂಪು ಪೆನ್ಸಿಲ್ಲು.
ಫಕೀರೇಶ ವಾರವಿಡೀ ಒಂದು ಬಾಣದ ಮೂಗು ತೀಡಿದ.
ನನ್ನ ಪಾಲಿಗೆ ಅಕ್ಷರ ಬಂದವು.

ತಲೆಕಟ್ಟುಗಳನ್ನೆಲ್ಲ ಒಂದೇ ಗೆರೆಗೆ ತಂದೆ,
ಪಂಕ್ತಿಯಲ್ಲಿ ಊಟಕ್ಕೆ ಕೂತವರ ಟೊಪ್ಪಿಗೆಯ ಹಾಗೆ.
ಸಿಕ್ಕಿಬಿದ್ದದ್ದು ಒಂದೇ ಕಡೆ, ಒಂಬತ್ತನೇ ಬಾಗಿಲು:
ಸ್ತ್ರೀರೋಗ ವಿಭಾಗ.

ಸಕಾರದ ಕೆಳಗೆ ತ, ಅದರ ಕೆಳಗೆ ರ,
ನೆತ್ತಿಗೆ ಗುಡಿಸು, ಪಕ್ಕಕ್ಕೆ ದೀರ್ಘ.
ಒಂದೇ ಅಕ್ಷರ ಎರಡು ಅಂತಸ್ತು ಇಳಿದು
ಕೆಳಗಿನ ಇಂಗ್ಲಿಷಿನ ತಲೆಗೆ ಕಾಲು ತಗಲಿಸುತ್ತಿತ್ತು.
ಇಂಗ್ಲಿಷ್ ಸಾಲು ಮಾತ್ರ ನೆಟ್ಟಗೆ,
ಪಡಸಾಲೆಯಲ್ಲಿ ಕೂತ ಬೀಗರ ಹಾಗೆ.
ನಾವೇ ಸರಿಯಬೇಕು.

ಸರಿದೆ. ಒತ್ತುಗಳನ್ನು ಕುಗ್ಗಿಸಿದೆ,
ರವೊತ್ತಿನ ಬಾಲ ಕತ್ತರಿಸಿದೆ,
ನಾಲ್ಕು ಪಾಯಿಂಟು ಮೇಲಕ್ಕೆ ಎಳೆದೆ.
ಗ್ರಿಡ್ಡಿನೊಳಗೆ ಎಲ್ಲ ಕೂತಿತು,
ಶಾಲೆಯ ಫೋಟೋದಲ್ಲಿ ಮುಂದಿನ ಸಾಲಿನವರಂತೆ, ಮೊಣಕಾಲು ಮಡಚಿ.
ಸರ್ ಕನ್ನಡಕ ಏರಿಸಿ 'ಹ್ಞೂಂ' ಅಂದರು.
ಅವರ ಹ್ಞೂಂ ಅಂದರೆ ಎಂಟು ಅಂಕ.

ಸೋಮವಾರ ಫೋಮ್ ಬೋರ್ಡಿಗೆ ಅಂಟಿಸಿ ಒಯ್ದೆವು.
ಹಳೆಯದನ್ನು ಮೊಳೆಯಿಂದ ಇಳಿಸಿ ಗೋಡೆಯ ಬುಡಕ್ಕೆ ಬೆನ್ನು ತಿರುಗಿಸಿ ಇಟ್ಟೆವು.
ಅದಕ್ಕೂ ಮುಂಚೆ ಒಮ್ಮೆ ನಕ್ಕೆವು:
ತಗಡು, ನೀಲಿ ಎನಾಮಲ್ ಬಣ್ಣ,
ಮೂಲೆಯಲ್ಲಿ ಸಣ್ಣಗೆ 'ಪೇಂಟರ್ ರಾಜೇಸಾಬ, ಬೆಟಗೇರಿ'.
ರವೊತ್ತನ್ನು ಆತ ಬಿಟ್ಟ ಪರಿ ನೋಡಬೇಕು!
ಚೌಕಟ್ಟು ದಾಟಿ, ಹೊರಳಿ,
ನೊಣ ಹೊಡೆಯುವ ಎಮ್ಮೆಯ ಬಾಲದಂತೆ ಇಳಿಬಿದ್ದಿತ್ತು.

ಇಪ್ಪತ್ತು ಹೆಜ್ಜೆ ಎಣಿಸಿ ನಿಂತೆ.
ಬಂದವರನ್ನು ನಿಲ್ಲಿಸಿ ಓದಿಸಿದೆವು.
ಫಕೀರೇಶ ವಹಿಯಲ್ಲಿ ಗೀಟು ಎಳೆಯುತ್ತ ಹೋದ,
ಹದಿನಾಲ್ಕಕ್ಕೆ ಹದಿಮೂರು.

ಆಮೇಲೆ ಆಕೆ ಬಂದಳು.
ಕೈಯಲ್ಲಿ ಬಟ್ಟೆಯಂಗಡಿಯ ಚೀಲ, ಚೀಲದಲ್ಲಿ
ಮಡಿಕೆ ಹರಿದ ಚೀಟಿ.
ಒಂಬತ್ತನೇ ಬಾಗಿಲು ದಾಟಿ ಹೋದಳು.
ತಿರುಗಿ ಬಂದಳು. ಮತ್ತೆ ದಾಟಿದಳು.
'ಎಲ್ಲಿಗೆ ಹೋಗಬೇಕ್ರಿ, ಯಕ್ಕಾ?'

'ನಾಕ ತಿಂಗಳಿಂದ ಬರತೇನಿ ತಂಗಿ, ನನಗ ಓದಾಕ ಬರೂದಿಲ್ಲ.
ಬಾಲದ್ದೊಂದು ಬೋರ್ಡ್ ಇತ್ತಲ್ಲ,
ಬಾಲ ಕಂಡಕೂಡ್ಲೆ ಒಳಗ ಹೋಗತಿದ್ದೆ.
ಬಾಗಲಾನ ತಗದ ಬಿಟ್ಟಾರೇನು?'

ಯಾವ ಕಾಲಮ್ಮಿಗೆ ಗೀಟು ಹಾಕಬೇಕೋ
ಫಕೀರೇಶನ ಪೆನ್ನಿಗೆ ತಿಳಿಯಲಿಲ್ಲ.
ಆಕೆಯನ್ನು ಒಳಗೆ ಬಿಟ್ಟು ಬಂದು ಬೆಂಚಿನಲ್ಲಿ ಕೂತೆ.
ತಗಡನ್ನು ತಿರುಗಿಸಿ, ಆ ಅಕ್ಷರವನ್ನು
ಮೊದಲ ಸಲ ಓದದೆ ನೋಡಿದೆ.
ಓದದೆ ನೋಡುವುದು ಬಹಳ ಕಷ್ಟ.

ರಾತ್ರಿ ಗ್ರಿಡ್ಡನ್ನೇನೂ ಅಳಿಸಲಿಲ್ಲ, ಒಂದು ಕಡೆ ತೂತು ಮಾಡಿದೆ.
ಕುಂಚ ಎಲ್ಲಿ ಉಸಿರು ಹಿಡಿದಿತ್ತು, ಎಲ್ಲಿ ಬಿಟ್ಟಿತು ಎಂದು ಹುಡುಕುತ್ತ
ಹನ್ನೊಂದು ಟ್ರೇಸಿಂಗ್ ಹಾಳೆ ಹಾಳಾದವು.
ಕಂಪ್ಯೂಟರಿನ ಗೆರೆ ಬಲು ನಯ, ಬಾಲಕ್ಕೆ ಎಲುಬೇ ಬರಲಿಲ್ಲ.
ಕೊನೆಗೆ ಕೈಯಲ್ಲೇ ಬರೆದು ಸ್ಕ್ಯಾನ್ ಮಾಡಿದೆ.
ಇಂಗ್ಲಿಷನ್ನು ಎರಡು ಬೆರಳು ಕೆಳಗೆ ಸರಿಸಿದೆ.
ಬೀಗರು ಏನೂ ಅನ್ನಲಿಲ್ಲ.

ಪುಣೆಯಿಂದ ಬಂದ ಪರೀಕ್ಷಕರು ಸ್ಕೇಲು ಇಟ್ಟು ಕೇಳಿದರು,
ಇದೊಂದೇ ಯಾಕೆ ಹೊರಗೆ?
ನಾಲ್ಕು ಪುಟದ ಟಿಪ್ಪಣಿ ಇತ್ತು ಕೈಯಲ್ಲಿ.
'ಸರ್, ಅದು ಬಾಗಿಲು' ಎಂದುಬಿಟ್ಟೆ.
ಮೂರು ಅಂಕ ಹೋದವು.
ಬಡಿಗೇರ ಸರ್ ಕಿಟಕಿಯ ಕಡೆ ನೋಡುತ್ತ ಕನ್ನಡಕ ಒರೆಸುತ್ತಿದ್ದರು, ಬಹಳ ಹೊತ್ತು.

ನನ್ನ ಫಲಕಗಳ ಕಡತ ಮಂಜೂರಿಗೆ ಕಾದಿದೆ.
ಅಲ್ಲಿಯತನಕ ರಾಜೇಸಾಬನ ತಗಡೇ ಗತಿ;
ಅವತ್ತು ಸಂಜೆಯೇ ಅದನ್ನು ತೂಗುಹಾಕಿ ಬಂದಿದ್ದೆವು.
ಮೊಳೆ ಸಡಿಲು, ತುಸು ಓರೆಯಾಯಿತು.
ಹಾಗೇ ಬಿಟ್ಟೆವು.