ಎಂಟನೇ ಕಪಾಟು

ಕಾಲೇಜಿನ ಮ್ಯೂಸಿಯಮ್ಮಿನಾಗ ಎಂಟನೇ ಕಪಾಟು ನಂದು.
ಅಂದ್ರ ಕೀಲಿ ನಂದು, ಡಾಂಬರಗುಳಿಗಿ ನಂದು,
ಗಾಜು ಒರೆಸೋ ಹರಕ ಬನಿಯನ್ನೂ ನಂದು.
ಒಳಗಿರೋರು ಇಬ್ಬರು:
ಹುಬ್ಬಳ್ಳಿಗೆ ಬಂದ ಸರ್ಕಸ್ಸಿನಾಗ ಸತ್ತ
ಬ್ರೆಜಿಲ್ ಕಡೆಯ ಮಂಗ್ಯಾ, ಗೇಣಿಗಿಂತ ಗಿಡ್ಡ;
ಕೆಲಗೇರಿ ಕೆರಿ ದಂಡಿಗೆ ಸಿಕ್ಕ ಕಿರು ಉಲ್ಲಂಕಿ.

ಮಂಗ್ಯಾನ ಎಡಗೈಗೆ ಒಂದು ಬೆರಳಿಲ್ಲ.
ಹಕ್ಕಿಗೆ ಒಂದ ಕಣ್ಣು, ಅದೂ ಗಾಜಿಂದು;
ಇನ್ನೊಂದು ಎಂಬತ್ತೇಳರಾಗ ಉದುರಿ
ಕಸಬರಿಗಿಗೆ ಹೋತು.

ನಮ್ಮಪ್ಪ ಹತ್ತಿ ಹಿಂಜಾಂವ, ಗಾದಿ ಹೊಲಿಯಾಂವ.
ನದಾಫರ ಮನ್ಯಾಗ ಮಾತೆಲ್ಲ ತೂಕದ್ದ.
ಅದಕ್ಕ ಸರಿಗೆ ಕೇಳಿದ್ದೆ:
ಜೀವ ಇದ್ದಾಗ ಇವು ಎಷ್ಟು ತೂಗತಿದ್ದವ್ರೀ?
ಮಂಗ್ಯಾ ಹತ್ತು ತೊಲಿ, ಹಕ್ಕಿ ಎರಡೂವರಿ.
ಒಂದು ತಲಿದಿಂಬಿಗೂ ಸಾಲೂದಿಲ್ಲ.

ಒಂದ ವರ್ಷ ಶ್ರಾವಣದ ಜಿಟಿಜಿಟಿಗೆ
ಎರಡೂ ಚೀಟಿ ಕಳಚಿ ಬಿದ್ದವು.
ಇಂಗ್ಲೀಷ ಅಕ್ಷರ ನನಗ ಇರಬಿ ಸಾಲು.
ಜಾಲಿ ಅಂಟು ಹಚ್ಚಿ, ಊದಿ, ಒತ್ತಿ,
ಮೊದಲಿನಂಗ ಕೂಡಿಸಿದೆ ಅಂತ ತಿಳದೆ.

ಆರು ವರ್ಷ.
ಆರು ವರ್ಷದ ಹುಡುಗೂರು ಜರ್ನಲ್ಲಿನಾಗ ಇಳಿಸಿಕೊಂಡರು:
ಈ ಮಂಗ ಚಳಿಗಾಲಕ್ಕ ಸೈಬೀರಿಯಾದಿಂದ ಬರತೈತಿ,
ಕೆಸರಿನ ಅಂಚಿಗೆ ಓಡಿ ಓಡಿ ಹುಳ ಹೆಕ್ಕತೈತಿ.
ಈ ಹಕ್ಕಿ ಗಿಡ ಬಿಟ್ಟು ಇಳಿಯೂದು ಅಪರೂಪ,
ತೊಗಟಿ ಕಚ್ಚಿ ತೂತು ಮಾಡಿ ಅಂಟು ನೆಕ್ಕತೈತಿ,
ಅವಳಿ ಹಡೀತೈತಿ, ಅಪ್ಪ ಬೆನ್ನಮ್ಯಾಲೆ ಹೊರತಾನ.
ಸಹಿ ಆತು. ಮಾರ್ಕೂ ಬಿತ್ತು.
ಸಹಿ ಮಾಡೋರಿಗೆ ಕಾಣೂದು ಪುಟದ ತಳ ಅಷ್ಟ.

ಕುಂದಗೋಳದ ಸುಮಿತ್ರಾ ಹಡಪದ
ಪೆನ್ನು ಕಚ್ಚಿಕೊಂಡು ನಿಂತಳು.
ಕಾಕಾ, ಹಕ್ಕಿ ಹಡೀತೈತೇನ್ರೀ?
ನಕ್ಕಳು. ನನ್ನ ಮಾರಿ ನೋಡಿ ಬಾಯಿಗೆ ಕೈ ಇಟ್ಟಳು.
ಆಮ್ಯಾಲೆ ಎರಡೂ ಚೀಟಿ ಕನ್ನಡದಾಗ, ನಿಧಾನಕ್ಕ,
ಮನಿಗೆ ಬಂದ ಕಾಗದ ಓದಿದಂಗ ಓದಿದಳು.
ಮೂವತ್ತು ವರ್ಷ ಒರೆಸಿದ್ದನ್ನ ಅವತ್ತು ಕೇಳಿದೆ.

ಮಂಗ್ಯಾನ ಸಂಸಾರಕ್ಕ ಒಂದೆರಡು ಗಿಡ ಸಾಕಂತ.
ಹಕ್ಕಿ ಬಂದ ದಾರಿ
ಗೋಡಿ ನಕಾಶಿಮ್ಯಾಲೆ ತೋರಸಲಿಕ್ಕೆ
ಆಕಿ ತುದಿಗಾಲಮ್ಯಾಲೆ ನಿಲ್ಲಬೇಕಾತು.
ಹಕ್ಕಿಯೊಳಗೂ ಗಂಡು ಕಾವಿಗೆ ಕೂಡತೈತಂತ.
ಅಪ್ಪಗೋಳು ಇಬ್ಬರೂ ದುಡಿಯೋರ ಬಿಡವಾ, ಅಂದೆ.

ಚೀಟಿ ಬದಲಿ ಮಾಡುವಾಗ
ಮಂಗ್ಯಾನ ಹೊಟ್ಟಿ ಹೊಲಿಗಿ ಬಿಟ್ಟಿತ್ತು.
ಕಿರುಬೆರಳು ಹಾಕಿದೆ: ಹತ್ತಿ.
ಹಕ್ಕಿ ರೆಕ್ಕಿ ಬುಡದಾಗೂ ಅದ ಹತ್ತಿ,
ಗಿಡ್ಡ ಎಳಿ, ಒರಟು, ಜಯಧರ.
ಕಣ್ಣು ಕಟ್ಟಿ ಕೊಟ್ಟರೂ ಹೇಳತಿದ್ದೆ.
ಯಾರ ಬಿಲ್ಲಿನಾಗ ಹಿಂಜಿದ್ದೋ,
ಅಪ್ಪಂದ ಇರಬಹುದು, ಇಲ್ಲದಿರಬಹುದು.
ದಾರ ಪೋಣಿಸಿ ನಾಲ್ಕು ಹೊಲಿಗಿ ಹಾಕಿದೆ,
ಗಾದಿ ಮೂಲಿಗೆ ಹಾಕೋ ಗಂಟ ಹಾಕಿದೆ.

ಈಗ ರಿಟೈರು. ಮಾಗಿಯೊಳಗ ನಸಿಕಿಲೆ
ಕೆಲಗೇರಿ ಕೆರಿಗೆ ಹೋಗತೀನಿ.
ಎಮ್ಮಿ ಇಳಿದ ಹೆಜ್ಜಿಗುಂಡಿ ಸುತ್ತ
ಎರಡೂವರಿ ತೊಲಿಯವು ಇಪ್ಪತ್ತು ಮೂವತ್ತು,
ಚುಚ್ಚಿ ಓಡಿ, ಚುಚ್ಚಿ ಓಡಿ.
ಆ ಹುಡುಗೂರು ಎಲ್ಲೆಲ್ಲೋ ಮಾಸ್ತರಾಗ್ಯಾರ,
ಯಾರಿಗೂ ತಪ್ಪೊಪ್ಪಿಗಿ ಬರದಿಲ್ಲ ನಾ.
ಬಿಸಲು ಏರಿ ನೀರು ಮಿಂಚುವಾಗ
ಕೈ ಅಡ್ಡ ಹಿಡದು
ಒಂದಕ್ಕರೆ ಬಾಲ ಐತೇನು ಅಂತ ನೋಡತೀನಿ.