ಬಳಕೆ ಪ್ರಮಾಣಪತ್ರ

ಚಿಕ್ಕಮಗಳೂರಿನ ಗಿರಿಜನ ಕಚೇರಿಯಿಂದ
ಮೂರನೆಯ ಸಲ ಅದೇ ಕಾಗದ:
ಅನುದಾನ ಯಾವುದಕ್ಕೆ ಬಳಕೆಯಾಯಿತು,
ಉಳಿಕೆ ಎಷ್ಟು, ಸಹಿ, ಮೊಹರು.
ಕೆಳಗೆ ಸಹಿ ಮಾಡಿದ ನಾನು, ಬಾಗಿ ನೋಣಯ್ಯ,
ಏಡಿಹಳ್ಳದ ಬೆಳಕಿನ ಸಂಘದ ಕಾರ್ಯದರ್ಶಿ.
ಮೊಹರು ಇದೆ ಸಾರ್, ಶಾಯಿ ಒಣಗಿದೆ.
ನೇರಳೆ ಹಣ್ಣು ಹಿಂಡಿ ಒತ್ತಿದ್ದೇನೆ,
ಬಣ್ಣ ಅದೇ;
ಕಡತಕ್ಕೆ ಇರುವೆ ಬಂದರೆ ಕ್ಷಮಿಸಿ.

ಪೈಪು ಇನ್ನೂರ ನಲವತ್ತು ಮೀಟರು. ರಶೀದಿ ಇದೆ.
ಟರ್ಬೈನು ಒಂದು, ಸಿಹಿಗುಂಬಳದಷ್ಟು ದಪ್ಪ. ರಶೀದಿ ಇದೆ.
ಸಿಮೆಂಟು ಹದಿನಾಲ್ಕು ಚೀಲ.
ಕಳಸದಿಂದ ಜೀಪು ಬಂದದ್ದು ಸಂಕದ ತನಕ,
ಅಲ್ಲಿಂದ ಮೇಲೆ ಬಂದದ್ದು
ಪೂವಕ್ಕನ ತಲೆ, ಚನಿಯನ ಬೆನ್ನು, ನನ್ನ ಸೊಂಟ.
ಇದಕ್ಕೆ ರಶೀದಿ ಕೊಡುವ ಅಂಗಡಿ ಇಲ್ಲ.
ಫಲಾನುಭವಿಗಳ ವಂತಿಗೆ ಅಂತ ನಿಮ್ಮದೊಂದು ಕಾಲಂ,
ಬೆರಳಗಲದ್ದು;
ನಲವತ್ತು ದಿನದ ಅಗೆತ ಅದರಲ್ಲಿ ಹಿಡಿಸದೆ
ಅಂಚಿಗೂ ಇಳಿದಿದೆ, ಹಿಂಬದಿಯನ್ನೂ ನೋಡಿ.

ಗಾರ್ಡು ಬಂದು ಕೇಳಿದ, ನೀರು ಯಾಕೆ ಕಟ್ಟಿದಿರಿ?
ಕಟ್ಟಿಲ್ಲ.
ಅಜ್ಜನ ಕಾಲದಿಂದ ಬಂಡೆಯ ಮೇಲೆ ಇಳಿಯುತ್ತಿದ್ದದ್ದು
ಈಗ ಸ್ವಲ್ಪ ದೂರ ಪೈಪಿನೊಳಗೆ ಇಳಿಯುತ್ತದೆ,
ಚಕ್ರಕ್ಕೊಂದು ಗುದ್ದು ಕೊಟ್ಟು ಮತ್ತೆ ಹಳ್ಳಕ್ಕೇ.
ಒಂದು ಚೊಂಬೂ ಇಟ್ಟುಕೊಂಡಿಲ್ಲ.
ಹಾಗಾಗಿ ಉಳಿಕೆ ಎಂಬಲ್ಲಿ ಸೊನ್ನೆ.

ಈ ಮೊದಲು ವಿದ್ಯುತ್ ಸಂಪರ್ಕ ಇತ್ತೇ, ಎಂದು ಕೇಳಿದ್ದೀರಿ.
ಇತ್ತು. ನೆತ್ತಿಯ ಮೇಲೆ.
ದೊಡ್ಡ ತಂತಿ ಗುಡ್ಡ ದಾಟಿ ಹೋಗಿ ಮೂವತ್ತು ವರ್ಷ,
ಮಂಜಿನ ದಿನ ಗುಂಯ್ ಅನ್ನುತ್ತದೆ
ನಮ್ಮನ್ನು ಊಟಕ್ಕೆ ಕರೆಯದ ಮದುವೆ ಮನೆಯ ಹಾಗೆ.

ಈಗ ಹನ್ನೊಂದು ಮನೆ, ಒಂದು ಕಿಲೋವಾಟು.
ಒಬ್ಬರಲ್ಲಿ ಮಿಕ್ಸಿ ತಿರುಗಿದರೆ
ಉಳಿದ ಹತ್ತು ದೀಪ ಬೆಲ್ಲದ ಬಣ್ಣಕ್ಕೆ ಇಳಿಯುತ್ತವೆ.
ಯಾರ ಮನೆಯಲ್ಲಿ ಚಟ್ನಿ ಅಂತ ಎಲ್ಲರಿಗೂ ಗೊತ್ತು,
ಜಗಳಕ್ಕೂ ಅದೇ ಹೊತ್ತು.

ತಾಂತ್ರಿಕ ಸಿಬ್ಬಂದಿ: ಪೂವಕ್ಕ.
ವಿದ್ಯಾರ್ಹತೆ: ಕಿವಿ.
ಸದ್ದು ತಗ್ಗಿದರೆ ಬಲೆಗೆ ಎಲೆ ಕಚ್ಚಿದೆ ಅನ್ನುತ್ತಾಳೆ,
ಕೀರಲಾದರೆ ತಂತಿ ಎಲ್ಲೋ ಕಡಿದಿದೆ,
ಸದ್ದೇ ನಿಂತರೆ ಏಡಿ.
ನಡುರಾತ್ರಿ ಕಂಬಳಿ ಹೊದ್ದು ಹೋಗಿ
ಮೂತಿಗೆ ಸಿಕ್ಕಿದ್ದನ್ನು ಬಿಡಿಸಿ ಬಂಡೆಯ ಮೇಲಿಟ್ಟು
ಅದಕ್ಕೆರಡು ಬೈಗಳು, ಸರ್ಕಾರಕ್ಕೆರಡು.
ಸಂಬಳದ ಕಾಲಂ ಖಾಲಿ ಬಿಟ್ಟಿದ್ದೇನೆ.
ನೀವೇ ತುಂಬಿಸಿ.

ಏಪ್ರಿಲಿನಲ್ಲಿ ಉತ್ಪಾದನೆ ಶೂನ್ಯ, ಕಾರಣ ತಿಳಿಸಿ,
ಇಲ್ಲವಾದರೆ ಎರಡನೆಯ ಕಂತು ತಡೆಹಿಡಿಯಲಾಗುವುದು.
ಹಳ್ಳ ಆಗ ನೂಲಿನಷ್ಟಿತ್ತು.
ಪೈಪಿಗೆ ಕೊಟ್ಟರೆ ಬಂಡೆಗೆ ಇಲ್ಲ,
ಬಂಡೆಗೆ ಇಲ್ಲದಿದ್ದರೆ ಏಡಿಗೆ ಇಲ್ಲ.
ಸಭೆ ಕರೆದೆವು; ಎಂಟು ಕೈ ಎದ್ದವು, ಮೂರು ಏಳಲಿಲ್ಲ.
ಏಳದ ಮೂರರಲ್ಲಿ ನನ್ನದೂ ಒಂದು.
ಆದರೂ ಬಾಗಿಲು ತಿರುಪಿ ಮುಚ್ಚಿದವಳು ನಾನೇ.
ನಿರ್ಲಕ್ಷ್ಯ ಅಂತ ಮಾತ್ರ ಬರೆದುಕೊಳ್ಳಬೇಡಿ.
ಹಣ ನಿಮ್ಮದು, ಒಪ್ಪುತ್ತೇನೆ,
ಹಳ್ಳದ ಲೆಕ್ಕ ಬರೆಯುವವರು ಇಲ್ಲಿಯವರು.

ಕೊನೆಯದಾಗಿ ಫೋಟೋ:
ಉರಿಯುವ ದೀಪದೊಂದಿಗೆ ಫಲಾನುಭವಿಗಳು.
ರಾತ್ರಿ ನಿಂತು ತೆಗೆಸಿದೆವು.
ದೀಪ ಬೆಳ್ಳಗೆ ಬಂತು, ನಾವು ಬರಿ ಮಸಿ.
ಹಗಲು ಮತ್ತೆ ತೆಗೆಸಿದೆವು.
ಮುಖಗಳು ಬಂದವು, ಚನಿಯನ ಮುರಿದ ಹಲ್ಲೂ ಬಂತು;
ದೀಪ ಉರಿಯುತ್ತಿತ್ತು, ಕಾಣಿಸಲಿಲ್ಲ.
ಎರಡನ್ನೂ ಲಗತ್ತಿಸಿದ್ದೇನೆ ಸಾರ್.
ಒಂದರ ಮೇಲೊಂದು ಇಟ್ಟು
ಕಿಟಕಿಗೆ ಹಿಡಿದು ನೋಡಿ.